ಮುನೇಶ್ವರನ ಸೈಡಿಂಗು

ಯುದ್ಧದಿಂದ ಲೋಕಕ್ಕಾದ ನಷ್ಟಗಳನ್ನು ಹಲಸೂರಿನ ಮುನಿರಾಜಪ್ಪ ತನ್ನದೇ ಆದ ಕ್ರಮದಲ್ಲಿ ಜೋಡಿಸಿಟ್ಟುಕೊಂಡಿದ್ದ. ಎಲ್ಲಕ್ಕಿಂತ ಮುಂದೆ, ಇಂಜಿನ್ನಿನ ಜಾಗದಲ್ಲಿ, ವಿಲಾಯತಿಯಿಂದ ಮಾದರಿ ರೈಲುಗಳು ಬರುವುದು ನಿಂತುಹೋದದ್ದು. ಅಕ್ಕಿಗೆ ರೇಷನ್ ಬಂದದ್ದು, ಸೀಮೆಎಣ್ಣೆಗೆ ಸಾಲು ನಿಲ್ಲುವಂತಾದದ್ದು, ಸಿಂಗಪುರ ಬಿದ್ದದ್ದು, ಇವೆಲ್ಲ ಹಿಂದಿನ ಬೋಗಿಗಳು.

ಸೌತ್ ಪೆರೇಡಿನ ಒಂದು ಔಷಧಿ ಅಂಗಡಿಯಲ್ಲಿ ಅವನು ಲೆಕ್ಕದ ಗುಮಾಸ್ತ. ಮನೆಯಲ್ಲಿ ರೈಲ್ವೆಯ ಮಾಲೀಕ. ನಡುಮನೆಯ ಉದ್ದಕ್ಕೂ ಹಲಗೆ ಜೋಡಿಸಿ, ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಕೃಷ್ಣರಾಜಪುರದವರೆಗಿನ ದಾರಿಯನ್ನು ಕಟ್ಟಿದ್ದ. ಪೂರ್ತಿ ಅಳತೆಗೆ ಕಟ್ಟುತ್ತೇನೆಂದರೆ ಹಳಿ ಮನೆಯ ಗೋಡೆ ಒಡೆದು ಕೆರೆಯ ಕಡೆಗೆ ಹೋಗಬೇಕಾಗುತ್ತಿತ್ತು. ಆದ್ದರಿಂದ ಸ್ಟೇಷನ್ನುಗಳ ನಡುವಿನ ಬಯಲನ್ನು ಸೀರೆ ಮಡಿಸಿದಂತೆ ಮಡಿಸಿ ಬಿಟ್ಟು, ಸ್ಟೇಷನ್ನು, ಯಾರ್ಡು, ಗೇಟುಗಳನ್ನು ಮಾತ್ರ ಕೂದಲೆಳೆ ತಪ್ಪದೆ ಮಾಡಿದ್ದ. ಡಬ್ಬದ ತಗಡು ಕತ್ತರಿಸಿ ಪ್ಲಾಟ್‌ಫಾರ್ಮಿನ ಚಾವಣಿ, ಬೆಂಕಿಕಡ್ಡಿಯ ಬೇಲಿ, ಕಾಫಿ ಚರಟದ ಮಣ್ಣು. ಹೆಂಡತಿ ಆದಿಲಕ್ಷ್ಮಿ ರಾಗಿಯ ಮಡಕೆಗಳನ್ನು ಬೈಯಪ್ಪನಹಳ್ಳಿಯ ಕೆಳಗೆ ಇಟ್ಟಿದ್ದಳು. ಮಕ್ಕಳಿಲ್ಲದ ಮನೆಯಲ್ಲಿ ಇಷ್ಟು ದೊಡ್ಡ ರೈಲು ಯಾಕೆ ಎಂದು ಬೀದಿಯವರು ಕೇಳುತ್ತಿದ್ದರು. ಮಕ್ಕಳಿದ್ದರೆ ಇಷ್ಟು ದೊಡ್ಡದು ಮಾಡಲು ಆಗುತ್ತಿರಲಿಲ್ಲ ಎಂಬುದು ಮುನಿರಾಜಪ್ಪನ ಉತ್ತರ. ಆದಿಲಕ್ಷ್ಮಿಯ ಉತ್ತರವನ್ನು ಯಾರೂ ಕೇಳಿರಲಿಲ್ಲ.

ಮಾರುಕಟ್ಟೆಯ ಬಗ್ಗೆ ಅವನಿಗೆ ಗಟ್ಟಿಯಾದ ಅಭಿಪ್ರಾಯಗಳಿದ್ದವು. ಯುದ್ಧಕ್ಕೆ ಮುಂಚೆ ಸೌತ್ ಪೆರೇಡಿನ ಅಂಗಡಿಗಳ ಗಾಜಿನ ಹಿಂದೆ ರೈಲುಗಳು ನಿಲ್ಲುತ್ತಿದ್ದವು. ದೊರೆಗಳು ಮಗನಿಗೆಂದು ಕೊಂಡು ತಾವೇ ಆಡುತ್ತಿದ್ದರು. ಅದು ಗೌರವದ ವ್ಯಾಪಾರ. ಈಗ ವ್ಯಾಪಾರವೆಲ್ಲ ಶಿವಾಜಿನಗರದ ಗುಜರಿಗೆ ಇಳಿದಿತ್ತು. ಬಿಳಿಯರ ಒಂದು ಕುಟುಂಬ ಮನೆ ಖಾಲಿ ಮಾಡಿದರೆ ಮುರಿದ ಮಂಚ, ಗ್ರಾಮಫೋನಿನ ಕಹಳೆಗಳ ಜೊತೆ ಒಂದು ಪೆಟ್ಟಿಗೆ ರೈಲೂ ಗುಜರಿಗೆ ಬರುತ್ತಿತ್ತು. ಅದರ ವಾಸನೆ ಹಿಡಿದು ಜೀಪಿನಲ್ಲಿ ಅಮೆರಿಕದ ಸೋಲ್ಜರುಗಳು ಬರುತ್ತಿದ್ದರು. ಅವರು ಚೌಕಾಸಿ ಮಾಡುತ್ತಿರಲಿಲ್ಲ. ಚೌಕಾಸಿ ಮಾಡದೆ ಕೊಳ್ಳುವವನು ಮಾರುಕಟ್ಟೆಗೆ ಬಂದ ಪ್ಲೇಗು ಎಂದು ಮುನಿರಾಜಪ್ಪ ಹೇಳುತ್ತಿದ್ದ. ಒಂದು ಸಲ ಬಂದರೆ ಆ ಬೀದಿಯಲ್ಲಿ ಬಡವ ಉಳಿಯುವಂತಿಲ್ಲ.

ಆ ಗುಜರಿಯಲ್ಲಿ ಅವನಿಗಿದ್ದ ಒಂದೇ ಆಸರೆ ಅಹ್ಮದ್ ಪಾಷಾ. ಹಲಸೂರಿನ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಟ್ಟಿಗೆ ಪೆಟ್ಟು ತಿಂದವರು. ಪಾಷಾ ಹಳೆಯ ಸಾಮಾನಿನ ವ್ಯಾಪಾರಿ, ಮಾತಿನ ವ್ಯಾಪಾರಿ ಅದಕ್ಕಿಂತ ಒಂದು ಕೈ ಮೇಲು.

"ಪಾಷಾ, ಈ ಇಂಜಿನ್ನಿನ ಕೀಲಿ ಎಲ್ಲೋ?"

"ಕೀಲಿ ಬೇರೆ, ಇಂಜಿನ್ ಬೇರೆ ಅಯ್ಯನೋರೇ. ಬೀಗ ಕೊಂಡೋನಿಗೆ ಮನೇನೂ ಬರೆದುಕೊಡ್ತಾರಾ?"

"ಕೀಲಿ ಕೊಡ್ದೆ ಇದು ಓಡಲ್ವಲ್ಲೋ."

"ಓಡಿ ಎಲ್ಲಿಗ್ ಹೋಗ್ಬೇಕು ಅದು? ನಿಮ್ಮನೆ ಅಮ್ಮಾವ್ರ ರಾಗಿ ಮಡಕೆ ತನಕ ತಾನೇ. ತಳ್ಕೊಂಡ್ ಹೋಗು."

ಹೀಗೆ ಹೇಳಿ, ಜೀಪು ಬೀದಿಯ ತುದಿಯಲ್ಲಿ ಕಂಡ ಕೂಡಲೆ ಇಂಜಿನ್ನನ್ನು ಗೋಣಿಚೀಲದಡಿ ನೂಕಿ, ಕೀಲಿಯನ್ನು ಮುನಿರಾಜಪ್ಪನ ಜೇಬಿಗೆ ಇಳಿಬಿಡುತ್ತಿದ್ದ.

ಪ್ರದರ್ಶನಗಳ ಬಗ್ಗೆ ಮುನಿರಾಜಪ್ಪನ ಅಭಿಪ್ರಾಯ ಇನ್ನೂ ಕಹಿ. ರಿಚರ್ಡ್ಸ್ ಟೌನಿನ ಒಂದು ಹಾಲಿನಲ್ಲಿ ಯುದ್ಧನಿಧಿಗೆಂದು ವರ್ಷಕ್ಕೊಮ್ಮೆ ಹವ್ಯಾಸಿಗಳ ಪ್ರದರ್ಶನ ನಡೆಯುತ್ತಿತ್ತು. ಗುಲಾಬಿ, ಅಂಚೆಚೀಟಿ, ಕಸೂತಿ, ತರಕಾರಿ, ರೈಲು ಎಲ್ಲಕ್ಕೂ ಸೇರಿ ಒಂದೇ ಬಹುಮಾನದ ಕಪ್ಪು. ಹೋದ ವರ್ಷ ಅವನ ಹಲಗೆಗಳ ಒಂದು ಪಕ್ಕ ಮೇಜುಬಟ್ಟೆ, ಇನ್ನೊಂದು ಪಕ್ಕ ಹೂಕೋಸು. ಬಹುಮಾನ ಹೂಕೋಸಿಗೆ ಹೋಯಿತು. ತೀರ್ಪುಗಾರ ಕ್ಲೆಮೆಂಟ್ಸ್ ದೊರೆ, ರೈಲ್ವೆಯಲ್ಲಿ ಇಂಜಿನಿಯರಾಗಿ ನಿವೃತ್ತನಾದ ಮುದುಕ, ಹಳಿಗಳ ಮೇಲೆ ಬಗ್ಗಿ ಬಹಳ ಹೊತ್ತು ನೋಡಿ ಇಷ್ಟು ಹೇಳಿದ್ದ: "ಕೆಲಸ ಚೆನ್ನಾಗಿದೆ. ಆದರೆ ಇದು ಯುದ್ಧಕ್ಕೆ ಮುಂಚಿನ ಲೈನು. ಹೂಕೋಸು ಇವತ್ತಿನದು."

ಆ ಮಾತು ಮುನಿರಾಜಪ್ಪನ ಅನ್ನದಲ್ಲಿ ಕಲ್ಲಾಯಿತು. ದೊರೆ ಹೇಳಿದ್ದು ನಿಜ. ಬೈಯಪ್ಪನಹಳ್ಳಿ ದಾಟಿದ ಮೇಲೆ ಮುಖ್ಯ ಹಳಿಯಿಂದ ಹೊಸದೊಂದು ಸೈಡಿಂಗು ಕವಲೊಡೆದು ನೀಲಗಿರಿ ತೋಪಿನೊಳಕ್ಕೆ ಹೋಗಿತ್ತು. ಒಳಗೆ ಮಿಲಿಟರಿಯ ಮದ್ದುಗುಂಡಿನ ಉಗ್ರಾಣ. ಅಲ್ಲಿ ಗಾಡಿ ಹಾಯುವಾಗ ಕಿಟಕಿ ಮುಚ್ಚಬೇಕೆಂದು ಹುಕುಂ ಇತ್ತು. ಅದೇ ಹುಕುಮಿನಿಂದ ಮೂರನೇ ಕ್ಲಾಸಿನಲ್ಲಿ ಸೊಪ್ಪು ತರುವ ಹೆಂಗಸರಿಗೂ ಅಲ್ಲೇನೋ ಇದೆಯೆಂದು ಗೊತ್ತಾಗಿತ್ತು. ಕವಲು ಎಲ್ಲರಿಗೂ ಕಂಡಿತ್ತು. ತೋಪಿನೊಳಗೆ ಹಳಿ ಏನಾಗುತ್ತದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಪಾಷಾನಿಗೆ ಬಿಟ್ಟು. ಉಗ್ರಾಣದ ಖಾಲಿ ಪೆಟ್ಟಿಗೆ, ಡಬ್ಬಗಳನ್ನು ಎತ್ತಿಕೊಂಡು ಹೋಗುವ ಗುತ್ತಿಗೆ ಅವನದು. ಒಳಗೆ ಹೋಗಲು ಮೊಹರು ಹಾಕಿದ ಪಾಸು ಇತ್ತು.

"ನೋಡ್ಕೊಂಡ್ ಬಾರೋ," ಎಂದ ಮುನಿರಾಜಪ್ಪ.

"ನೋಡಿ ಏನ್ ಹೇಳ್ಲಿ? ಹಳಿ ಇದೆ ಅಂತಾನಾ?"

"ಉದ್ದ ಎಷ್ಟು, ಎಲ್ಲಿ ತಿರುಗುತ್ತೆ, ಎಷ್ಟು ಕವಲು. ಹೆಜ್ಜೆ ಎಣಿಸ್ಕೊಂಡ್ ಬಾ, ಸಾಕು."

"ಯಾಕೋ, ಕೊಂಡ್ಕೋತೀಯಾ?"

ಮೊದಲು ಪಾಷಾನ ಹೆಜ್ಜೆಯನ್ನೇ ಅಳೆಯಬೇಕಾಯಿತು. ಮುನಿರಾಜಪ್ಪ ಹಲಸೂರಿನ ಓಣಿಯಲ್ಲಿ ಟೇಪು ಹಾಸಿ ಅವನನ್ನು ನಡೆಸಿದ. ಬರಿಗೈಯಲ್ಲಿ ಒಂದು ಅಳತೆ, ತಲೆಯ ಮೇಲೆ ಬುಟ್ಟಿ ಹೊತ್ತರೆ ಒಂದು. ಬೀದಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. "ಸಾಬರನ್ನೇ ಹೆಣ್ಣು ನೋಡ್ತಿದ್ದೀರೇನ್ರಿ, ಹಿಂಗ್ ನಡೆಸ್ತಿದ್ದೀರಿ?" ಎಂದು ಒಬ್ಬಳು ಕೇಳಿದಳು. ಪಾಷಾ ಸೊಂಟ ಬಳುಕಿಸಿ ಇನ್ನೊಂದು ಸುತ್ತು ನಡೆದು ತೋರಿಸಿದ. ಆ ಸುತ್ತನ್ನು ಮುನಿರಾಜಪ್ಪ ಲೆಕ್ಕದಿಂದ ಬಿಟ್ಟ.

ಉಗ್ರಾಣಕ್ಕೆ ಪ್ರತಿ ಸಲ ಹೋಗಿ ಬಂದಾಗಲೂ ಪಾಷಾ ಒಂದೊಂದು ತುಂಡು ಹಳಿಯ ಅಳತೆ ತಂದುಕೊಟ್ಟ. ಒಂದು ದಿನ ನಗುತ್ತಾ ಬಂದ.

"ನಿಮ್ಮ ದೇವರು ಅಲ್ಲೂ ಬಂದು ಕೂತ್ಬಿಟ್ಟಿದಾನೆ ಮಾರಾಯ. ಹಳಿ ನೆಟ್ಟಗೆ ಹೋಗ್ಬೇಕು, ಮಧ್ಯ ಒಂದು ಮುನೇಶ್ವರನ ಕಲ್ಲು. ಎತ್ತಿ ಅಂದ್ರೆ ಕೂಲಿಯೋರು ಒಬ್ರೂ ಮುಟ್ಲಿಲ್ವಂತೆ. ಗುದ್ದಲಿ ಕೆಳಗಿಟ್ಟು ಕೂತ್ಬಿಟ್ರಂತೆ. ಕೊನೆಗೆ ಆ ಗೋರಾ ಸಾಹೇಬ ಬೈದು ಬೈದು ಹಳೀನೇ ಬಗ್ಗಿಸಿದ. ಜಪಾನಿನೋರಿಗೆ ಬಗ್ಗದೋನು ಕಲ್ಲಿಗೆ ಬಗ್ಗಿದ!"

ಮುನಿರಾಜಪ್ಪ ನಗಲಿಲ್ಲ. ಮುನೇಶ್ವರ ಅವನ ಮನೆದೇವರು, ಅವನ ಹೆಸರಿನಲ್ಲೇ ಇದ್ದವನು. ಅದಕ್ಕಿಂತ ಹೆಚ್ಚಾಗಿ, ಕಾರಣವಿಲ್ಲದೆ ಬಗ್ಗಿದ ಹಳಿಯನ್ನು ಅವನಂಥವನು ಕಟ್ಟುವಂತಿರಲಿಲ್ಲ. ಬಗ್ಗಿಸಿದರೆ ಕಲ್ಲು ಇಡಬೇಕು. ಆ ತಿರುವನ್ನು ಅವನು ಎರಡು ಸಲ ಕಿತ್ತು ಮೂರನೆಯ ಸಲ ಕೂರಿಸಿದ. ಸಣ್ಣ ಇಂಜಿನ್ನು ಅಲ್ಲಿ ಒಂದಿಷ್ಟೂ ಕುಲುಕದೆ ಹೊರಳುವುದನ್ನು ನೋಡುತ್ತಾ ಊಟ ಮರೆತ. ಹೊಳೆಯ ಬೆಣಚುಕಲ್ಲೊಂದನ್ನು ತಿರುವಿನ ಒಳಮಗ್ಗುಲಲ್ಲಿ ಅಂಟಿಸಿದ. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಅದಕ್ಕೆ ಕುಂಕುಮ.

"ಏನೇ ಇದು?"

"ಮನೇಲಿ ತಂದು ಕೂರಿಸ್ಬಿಟ್ಟು ಬೋಳು ಹಣೇಲಿ ಬಿಡಕ್ಕಾಗತ್ತೇನ್ರೀ?" ಎಂದಳು ಆದಿಲಕ್ಷ್ಮಿ.

ಪ್ರದರ್ಶನದ ದಿನ ಪಾಷಾನೇ ತನ್ನ ಕೈಗಾಡಿಯಲ್ಲಿ ಹಲಗೆಗಳನ್ನು ಹಾಕಿಕೊಂಡು ಬಂದು, ಜೋಡಿಸಿಕೊಟ್ಟು ಅಂಗಡಿಗೆ ಹೋದ. ಈ ಸಲ ಪಕ್ಕದಲ್ಲಿ ಕುಂಬಳಕಾಯಿ. ಕ್ಲೆಮೆಂಟ್ಸ್ ದೊರೆ ಬಂದು ತೋಪಿನ ಸೈಡಿಂಗಿನ ಮುಂದೆ ನಿಂತವನು ಕದಲಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಹೊರಗೆ ಹೋಗಿ, ಸ್ವಲ್ಪ ಹೊತ್ತಿಗೆ ಯೂನಿಫಾರಂ ತೊಟ್ಟ ಒಬ್ಬ ಕ್ಯಾಪ್ಟನ್ನನ್ನು ಕರೆದುಕೊಂಡು ಬಂದ. ದೊಡ್ಡವರಿಗೆ ತೋರಿಸಲು ಕರೆತಂದಿದ್ದಾನೆ, ಕಪ್ಪು ಬಂತು ಎಂದುಕೊಂಡ ಮುನಿರಾಜಪ್ಪ ಕೋಟಿನ ಗುಂಡಿ ಹಾಕಿಕೊಂಡ.

ಕ್ಯಾಪ್ಟನ್ ಎಳೆಯ ವಯಸ್ಸಿನವನು, ಮೆಲುಮಾತಿನವನು. ಬೆರಳಿಂದ ತೋಪನ್ನು ತೋರಿಸಿ, "ಇಲ್ಲಿ ಇಂಥ ಹಳಿ ಇಲ್ಲ," ಎಂದ.

ಹಾಗೆಂದರೆ ಏನರ್ಥವೆಂದು ಆ ಹಾಲಿನಲ್ಲಿದ್ದ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಕುಂಬಳಕಾಯಿ ತಂದಿದ್ದ ಮುದುಕಿ ಕೂಡ ಎರಡು ಹೆಜ್ಜೆ ಹಿಂದೆ ಸರಿದಳು. ಆದರೆ ಹವ್ಯಾಸಿಯ ಕಿವಿಗೆ ಬೀಳುವುದು ಒಂದೇ ಅರ್ಥ: ನಿನ್ನ ಕೆಲಸ ತಪ್ಪು.

"ಇದೆ ಸಾರ್," ಎಂದ ಮುನಿರಾಜಪ್ಪ.

"ಇಲ್ಲ. ನೀವು ಊಹೆ ಮಾಡಿದ್ದೀರಿ."

"ಊಹೆ? ಸಾರ್, ನಾನು ಊಹೆಯಿಂದ ಒಂದು ಬೇಲಿ ಕಂಬವನ್ನೂ ನೆಟ್ಟವನಲ್ಲ. ಬೇಕಾದರೆ ಅಳತೆ ಮಾಡಿಸಿ. ಒಳಗೆ ಹೋಗಿ ಹೆಜ್ಜೆ ಹಾಕಿ ಅಳೆದವರೇ ಇದ್ದಾರೆ."

"ಹೌದೇ? ಯಾರು ಅವರು?" ಎಂದ ಕ್ಯಾಪ್ಟನ್, ಬಹಳ ಆಸಕ್ತಿಯಿಂದ.

ಮುನಿರಾಜಪ್ಪ ಹೆಸರು ಹೇಳಿದ. ಬೀದಿ ಹೇಳಿದ. ಬುಟ್ಟಿ ಹೊತ್ತಾಗ ಹೆಜ್ಜೆ ಎಷ್ಟು ಗಿಡ್ಡವಾಗುತ್ತದೆ, ಅದನ್ನು ತಾನು ಹೇಗೆ ಸರಿದೂಗಿಸಿದೆ ಎಂಬುದನ್ನೂ ವಿವರಿಸಿದ. ಇಷ್ಟು ಗಮನವಿಟ್ಟು ಅವನ ಮಾತನ್ನು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಕ್ಲೆಮೆಂಟ್ಸ್ ದೊರೆ ಮಾತ್ರ ಕುಂಬಳಕಾಯಿಯ ಕಡೆ ತಿರುಗಿ ನಿಂತಿದ್ದ.

ಸಂಜೆಯೊಳಗೆ ಪಾಷಾನನ್ನು ಅಂಗಡಿಯಿಂದಲೇ ಎತ್ತಿಕೊಂಡು ಹೋದರು. ಹಲಗೆಗಳನ್ನೂ ಲಾರಿಗೆ ಹಾಕಿದರು. ಮುನಿರಾಜಪ್ಪನನ್ನು ಎರಡು ಗಂಟೆ ಕೂರಿಸಿ, ಕೇಳಿದ್ದನ್ನೇ ಕೇಳಿ, ಮನೆಗೆ ಕಳಿಸಿದರು. ಅವನು ಹುಚ್ಚ, ಅಪಾಯವಿಲ್ಲದವನು ಎಂದು ತೀರ್ಮಾನವಾಗಿತ್ತು. ಪಾಸು ಪಾಷಾನದು, ನಂಬಿಕೆ ಮುರಿದವನು ಪಾಷಾ. ಯುದ್ಧಕಾಲದ ಕಾನೂನು. ವಿಚಾರಣೆ, ವಕೀಲ ಎಂಬ ಗೊಡವೆಯಿಲ್ಲದೆ ಎಷ್ಟು ದಿನ ಬೇಕಾದರೂ ಒಳಗಿಡಬಹುದು.

ಮುನಿರಾಜಪ್ಪ ಶಿವಾಜಿನಗರಕ್ಕೆ ಹೋದ. ಪಾಷಾನ ಹೆಂಡತಿ ಉಮ್ಮೆ ಕುಲ್ಸುಂ ಪರದೆಯ ಹಿಂದೆ ನಿಂತು ಮಾತಾಡಿದಳು.

"ಏನ್ ಮಾಡಿದಾರೆ ಭಾಯ್ ಅವರು? ಕಳ್ಳತನಾನಾ?"

"ಅಲ್ಲಮ್ಮ."

"ಮತ್ತೆ? ನೆರೆಯೋರೆಲ್ಲ ಕೇಳ್ತಾರೆ. ನಾನ್ ಏನಂತ ಹೇಳ್ಲಿ?"

"ನಾನು ಬಿಡಿಸ್ಕೊಂಡ್ ಬರ್ತೀನಮ್ಮ," ಎಂದ. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ಪ್ರತಿದಿನ ಅಂಗಡಿಗೆ ರಜೆ ಹಾಕಿ ಕಬ್ಬನ್ ರಸ್ತೆಯಲ್ಲಿ ಕ್ಯಾಪ್ಟನ್ನಿನ ಕಚೇರಿಯಿದ್ದ ಬಂಗಲೆಯ ಗೇಟಿನಲ್ಲಿ ನಿಂತ. ಕೊನೆಗೆ ಅವನ ಮುಖ ನೋಡಿ ನೋಡಿ ಬೇಸತ್ತೋ ಏನೋ, ಕ್ಯಾಪ್ಟನ್ ಒಳಗೆ ಕರೆಸಿದ. ಉದ್ದನೆಯ ಮೇಜಿನ ಮೇಲೆ ಬೈಯಪ್ಪನಹಳ್ಳಿಯ ಹಲಗೆ ಬಿದ್ದುಕೊಂಡಿತ್ತು. ಬೇಲಿಯ ಕಡ್ಡಿಗಳು ಅರ್ಧ ಉದುರಿದ್ದವು. ಬಾಗಿಲ ಬಳಿ ಸಂಜೀವಪ್ಪನೆಂಬ ಹೆಡ್ ಕಾನ್‌ಸ್ಟೇಬಲ್, ಗರುಡಾಚಾರ್‌ಪಾಳ್ಯದವನು, ಅಟೆನ್ಷನ್ನಿನಲ್ಲಿ ನಿಂತಿದ್ದ.

ಕ್ಯಾಪ್ಟನ್ನಿಗೂ ಈ ಕೇಸು ಸಾಕಾಗಿತ್ತು. ಗುಜರಿಯವನೊಬ್ಬನನ್ನು ಜೈಲಿನಲ್ಲಿ ಕೂರಿಸಿ ಊಟ ಹಾಕುವುದರಿಂದ ಯುದ್ಧ ಗೆಲ್ಲುವುದಿಲ್ಲ ಎಂದು ಅವನೇ ಹೇಳಿದ. "ನೋಡಿ, ನನಗೆ ಒಂದು ಮಾತು ಸಾಕು. ಈ ಸೈಡಿಂಗು ನಿಮ್ಮ ತಲೆಯಿಂದ ಬಂದದ್ದು. ಅಂದು ಬಹುಮಾನದ ಆಸೆಗೆ ಆ ಮನುಷ್ಯನ ಹೆಸರು ಹೇಳಿದಿರಿ. ಅವನು ಏನನ್ನೂ ಅಳೆಯಲಿಲ್ಲ. ಹೌದೋ ಅಲ್ಲವೋ?"

ಪಾಷಾನ ಬಿಡುಗಡೆಗೆ ಬಾಗಿಲು ತೆರೆದೇ ಇತ್ತು. ಮುನಿರಾಜಪ್ಪನಿಗೂ ಅದು ಕಂಡಿತು. "ಹೌದು ಸಾರ್. ಎಲ್ಲಾ ಕಲ್ಪನೆ," ಎಂದ. ಇಷ್ಟು ಸುಲಭವೇ ಎಂದು ಅವನಿಗೇ ಆಶ್ಚರ್ಯವಾಯಿತು.

ಕ್ಯಾಪ್ಟನ್ ಪೆನ್ನು ಎತ್ತಿಕೊಂಡ. ಬರೆಯುವ ಮುಂಚೆ, ಸುಮ್ಮನೆ, ಪೆನ್ನಿನ ತುದಿಯಿಂದ ಬೆಣಚುಕಲ್ಲನ್ನು ತಟ್ಟಿ ಕೇಳಿದ: "ಈ ಕೆಂಪು ಬಣ್ಣದ್ದೇನು?"

ಉತ್ತರ ಬಂದದ್ದು ಬಾಗಿಲಿನಿಂದ. ಸಂಜೀವಪ್ಪ ಕತ್ತು ಚಾಚಿ ನೋಡಿದವನು ತಾನು ಡ್ಯೂಟಿಯಲ್ಲಿರುವುದನ್ನು ಮರೆತು ಕೈ ಮುಗಿದುಬಿಟ್ಟಿದ್ದ. "ಮುನೇಶ್ವರ ಸಾರ್. ದೇವರು. ಇವರ ಕಡೆಯೋರು ಆಣೆ ಇಡೋದು ಇದರ ಮೇಲೆ."

ಕ್ಯಾಪ್ಟನ್ನಿಗೆ ತಮಾಷೆಯೆನಿಸಿತು. ಬೈಬಲ್ಲಿನ ಬದಲು ಬೆಣಚುಕಲ್ಲು. "ಒಳ್ಳೆಯದು. ಅದರ ಮೇಲೆ ಕೈಯಿಟ್ಟು ಹೇಳಲಿ. ನನ್ನ ಕೆಲಸ ಮುಗಿಯಿತು."

ಮುನಿರಾಜಪ್ಪ ಹಲಗೆಯ ಮೇಲೆ ಬಗ್ಗಿದ. ಕಲ್ಲಿನ ಸುತ್ತ ಹಳಿ ಮೆಲ್ಲಗೆ ಹೊರಳಿ ಹೋಗಿತ್ತು. ಲಾರಿಯಲ್ಲಿ ಕುಲುಕಿ ಬಂದಿದ್ದರೂ ಒಂದು ಜಾಯಿಂಟೂ ಬಿಟ್ಟಿರಲಿಲ್ಲ. ತನ್ನ ಜೀವಮಾನದಲ್ಲಿ ಅವನು ಮಾಡಿದ ಕೆಲಸಗಳಲ್ಲಿ ಅದಕ್ಕಿಂತ ಸರಿಯಾದದ್ದು ಇನ್ನೊಂದಿರಲಿಲ್ಲ. ಇದು ಸುಳ್ಳು ಎನ್ನಬೇಕು. ನಾಲಿಗೆಯನ್ನು ಹಿಡಿದದ್ದು ದೇವರ ಭಯವೋ, ಆ ತಿರುವೋ, ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಗೊತ್ತಾಗಲಿಲ್ಲ. ಬಹಳ ಹೊತ್ತೇನಲ್ಲ. ಬಿಸಿ ಕಾಫಿಯನ್ನು ಒಂದು ಗುಟುಕು ನುಂಗುವಷ್ಟು ಹೊತ್ತು. ಆಮೇಲೆ ಕಲ್ಲಿನ ಮೇಲೆ ಬೆರಳಿಟ್ಟು, ಸ್ಪಷ್ಟವಾಗಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಆಣೆ ಮಾಡಿದ.

ಕ್ಯಾಪ್ಟನ್ ಆಣೆಗೆ ಕಿವಿಗೊಟ್ಟಿರಲಿಲ್ಲ. ಮುನಿರಾಜಪ್ಪನ ಮುಖವನ್ನು ನೋಡುತ್ತಿದ್ದ. ಪೆನ್ನನ್ನು ಕೆಳಗಿಟ್ಟು, ಈಗ ಬೇರೆಯೇ ದನಿಯಲ್ಲಿ, ಸಂಜೀವಪ್ಪನನ್ನು ಕೇಳಿದ: "ತೋಪಿನ ಒಳಗೆ ಇಂಥ ಕಲ್ಲು ಇದೆಯೇ?"

ಸಂಜೀವಪ್ಪ ಮುನಿರಾಜಪ್ಪನ ಕಡೆ ನೋಡಿದ, ನೆಲ ನೋಡಿದ. "ಇದೆ ಸಾರ್," ಎಂದ. "ನಮ್ಮೂರಿನೋರೇ ಕೂಲಿಗೆ ಹೋಗಿದ್ದು."

ಕ್ಯಾಪ್ಟನ್ ಬಗ್ಗಿ ತಿರುವಿನ ಉದ್ದಕ್ಕೂ ಬೆರಳು ಎಳೆದ. ನಿಜವಾದ ಮೆಚ್ಚುಗೆಯಿಂದ ತಲೆಯಾಡಿಸಿದ. "ಅದ್ಭುತ," ಎಂದ. ಮುನಿರಾಜಪ್ಪನಿಗೆ ಹೊರಗಿನ ದಾರಿ ತೋರಿಸಿದರು.

ಮನೆಯಲ್ಲಿ ಆಣೆಯ ಸುದ್ದಿ ಕೇಳಿ ಆದಿಲಕ್ಷ್ಮಿ ಒಲೆಯ ಮುಂದಿನಿಂದ ಏಳಲಿಲ್ಲ.

"ಸುಳ್ಳಾಣೆ ಇಟ್ರಾ?"

"ಇಟ್ಟೆ ಕಣೇ."

"ಸಾಬರು ಬಂದ್ರಾ?"

"ಇಲ್ಲ."

"ಎರಡೂ ಹೋಯ್ತಲ್ಲ ಹಂಗಾದ್ರೆ," ಎಂದು ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದಳು.

ಪಾಷಾನನ್ನು ಮದರಾಸಿನ ಕಡೆಯ ಯಾವುದೋ ಜೈಲಿಗೆ ಕಳಿಸುತ್ತಾರೆಂದು ಸಂಜೀವಪ್ಪನೇ ಬಂದು ತಿಳಿಸಿದ. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಬೆಳಗಿನ ಗಾಡಿ ನಿಂತಿತ್ತು. ಉಮ್ಮೆ ಕುಲ್ಸುಂ ಬುರ್ಖಾದೊಳಗೆ ಊಟದ ಡಬ್ಬಿ ಹಿಡಿದುಕೊಂಡು ಒಂದು ಕಂಬದ ಪಕ್ಕದಲ್ಲಿದ್ದಳು. ಇಬ್ಬರು ಪೊಲೀಸರ ನಡುವೆ ಪಾಷಾ ಬಂದ. ಗಡ್ಡ ಬೆಳೆದಿತ್ತು. ಕೈಕೋಳದ ಮೇಲೆ ಯಾರೋ ಟವಲು ಹೊದಿಸಿದ್ದರು.

"ಏನೋ ಮುನಿಯಾ, ರೈಲು ನೋಡಕ್ ಬಂದ್ಯಾ?"

ಮುನಿರಾಜಪ್ಪ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡ.

"ಅಳಬೇಡ್ವೋ, ಇಂಜಿನ್ ಡ್ರೈವರ್ ನೋಡ್ತಾನೆ. ನನ್ನನ್ನ ಒಳಗೆ ಒಂದು ರೂಮಲ್ಲಿ ನಡೆಸಿ ನಡೆಸಿ ಹೆಜ್ಜೆ ಅಳೆದ್ರು. ನೀನ್ ಹಾಕಿದ್ದ ಲೆಕ್ಕಾನೇ ಬಂತಂತೆ." ನಗಲು ನೋಡಿ ಬಿಟ್ಟುಬಿಟ್ಟ. ದನಿ ತಗ್ಗಿಸಿ ಕೇಳಿದ: "ಎಷ್ಟ್ ದಿನ ಅಂತ ನಿಂಗೇನಾದ್ರೂ ಹೇಳಿದ್ರಾ?"

"ಇಲ್ಲ ಕಣೋ."

"ನಂಗೂ ಹೇಳ್ಲಿಲ್ಲ."

ಕುಲ್ಸುಂ ಡಬ್ಬಿ ಮುಂದೆ ಹಿಡಿದಳು. ಹೊರಗಿನ ಊಟ ಕೊಡುವಂತಿಲ್ಲ ಎಂದ ಪೊಲೀಸಿನವನು, ಒರಟಾಗಿಯೇನಲ್ಲ. ಪಾಷಾ ಡಬ್ಬಿಯ ಮುಚ್ಚಳವನ್ನು ಒಮ್ಮೆ ಮುಟ್ಟಿ ಬೋಗಿ ಹತ್ತಿದ. ಗಾಡಿ ಹೊರಡುವ ಮುಂಚೆಯೇ ಆ ಬೋಗಿಯ ಕಿಟಕಿಗಳನ್ನು ಒಂದೊಂದಾಗಿ ಇಳಿಸಿದರು.

ಪ್ಲಾಟ್‌ಫಾರಂ ಖಾಲಿಯಾದ ಮೇಲೆ ಕುಲ್ಸುಂ ಕೇಳಿದಳು. ಈಗ ನಡುವೆ ಪರದೆಯಿರಲಿಲ್ಲ, ಬುರ್ಖಾ ಮಾತ್ರ. "ಆ ಪೊಲೀಸ್ ಸಂಜೀವಪ್ಪ ಹೇಳಿದ್ರು. ಸಾಹೇಬ ಕಲ್ಲಿನ ಮೇಲೆ ಕೈಯಿಟ್ಟು ಹೇಳು ಅಂದಾಗ ನೀವು ತಕ್ಷಣ ಹೇಳ್ಲಿಲ್ವಂತೆ. ನಿಜಾನಾ ಭಾಯ್?"

"ಹೌದಮ್ಮ."

"ಯಾಕೆ?"

ಅವನು ಬಾಯಿ ತೆರೆದ. ದೇವರು ಎಂದು ಹೇಳಬಹುದಿತ್ತು. ದೇವರ ಭಯ ಯಾರಿಗಾದರೂ ಅರ್ಥವಾಗುತ್ತದೆ, ಅವಳಿಗೂ ಆಗುತ್ತಿತ್ತು. ಅದೊಂದೇ ಕಾರಣವೆಂದು ಹೇಳಲು ಅವನಿಗೆ ಬರಲಿಲ್ಲ. ಅವಳು ಡಬ್ಬಿಯನ್ನು ಕೈ ಬದಲಿಸಿಕೊಂಡು ನಡೆದಳು.

ಅವನು ನಾಲ್ಕಾರು ಹೆಜ್ಜೆ ಬಿಟ್ಟು ಹಿಂದೆ ನಡೆದ. ಒಂಟಿ ಹೆಂಗಸು, ದಾರಿ ತುಂಬ ಸೋಲ್ಜರುಗಳು. ಮನೆಯವರೆಗೆ ಬಿಟ್ಟು ಬರುವುದಾದರೂ ಆಗಲಿ ಎಂದು. ಸ್ಟೇಷನ್ನಿನ ಗೇಟಿನಲ್ಲಿ ಅವಳು ನಿಂತಳು.

"ನೀವು ಮುಂದೆ ಹೋಗಿ ಭಾಯ್. ನನ್ನ ಹಿಂದೆ ಬರಬೇಡಿ."

ಅವನು ಅವಳನ್ನು ದಾಟಿ ಮುಂದೆ ಹೋದ. ಚಪ್ಪಲಿಯ ಸದ್ದು ಬೆನ್ನ ಹಿಂದೆ ಬರುತ್ತಿದೆಯೇ ಎಂದು ಕಿವಿಗೊಟ್ಟು ನಡೆದ. ಶಿವಾಜಿನಗರದ ತಿರುವು ಬಂದಾಗ ಹಿಂತಿರುಗಿ ನೋಡಿದ. ದಾರಿಯಲ್ಲಿ ಕುದುರೆಗಾಡಿಗಳಿದ್ದವು, ಜನರಿದ್ದರು. ಅವಳು ಬೇರೆ ಯಾವುದೋ ದಾರಿ ಹಿಡಿದು ಹೋಗಿದ್ದಳು.